ಕಡಲ ದಂಡೆಗೆ ಸುರಹೊನ್ನೆ: ಬೀಜ ಯಾಕೆ ಹುಟ್ಟಿಲ್ಲ, ಗಿಡ ಎಲ್ಲಿ ನೆಡ್ಬೇಕು, ಗಾಳಿಮರ ಏನ್ಮಾಡೋದು

ಪ್ರಶ್ನೆ: ಕುಮಟಾ ಕಡೆ ಸಮುದ್ರದ ಪಕ್ಕದಲ್ಲೇ ನಮ್ಮ ಅಜ್ಜನ ಕಾಲದ ತೆಂಗಿನ ತೋಟ ಇದೆ. ತೋಟದ ಮುಂದೆ ಮರಳು ದಿಬ್ಬ, ಅದರ ಮೇಲೆಲ್ಲ ಗಾಳಿಮರ. ಹಿಂದೆ ಅಲ್ಲಿ ದೊಡ್ಡ ದೊಡ್ಡ ಹೊನ್ನೆ ಮರ ಇತ್ತು ಅಂತ ಅಮ್ಮ ಹೇಳ್ತಾರೆ, ಮತ್ತೆ ಬೆಳೆಸಬೇಕು ಅಂತ ಆಸೆ. ಬೀಜ ತಂದು ಕುಂಡದಲ್ಲಿ ಹಾಕಿ ಒಂದು ತಿಂಗಳು ಕಾದೆ, ಒಂದೂ ಹುಟ್ಟಿಲ್ಲ. ನರ್ಸರಿಯಲ್ಲಿ ಕೇಳಿದ್ದಕ್ಕೆ ಒಂದು ಹೊನ್ನೆ ಸಸಿ ಕೊಟ್ರು, ಅದರ ಫೋಟೋ ಕಳಿಸಿದೀನಿ. ಸಮುದ್ರದಿಂದ ಎಷ್ಟು ದೂರ ನೆಡ್ಬೇಕು, ಗಾಳಿಮರ ಕಡೀಬೇಕಾ, ಇದರಿಂದ ಕಡಲ್ಕೊರೆತ ನಿಲ್ಲುತ್ತಾ, ಎಣ್ಣೆ ತೆಗೀಬಹುದಾ, ಎಲ್ಲ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೊದಲು ಫೋಟೋ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಆ ಸಸಿ ದಿಬ್ಬದ ಮೇಲೆ ನೆಟ್ರೆ ನಿಮ್ಮ ಮೂರ್ನಾಲ್ಕು ವರ್ಷ ಹಾಳು. ಅದು ಕಡಲ ಹೊನ್ನೆ ಅಲ್ಲ, ಘಟ್ಟದ ಹೊನ್ನೆ, ಬೇಂಗ ಅಂತಾರಲ್ಲ ಅದು. ಒಂದೇ ಕಡ್ಡಿಗೆ ಐದಾರು ಸಣ್ಣ ಎಲೆ ಸಾಲಾಗಿ ಬಂದಿದೆ ನೋಡಿ, ಅದೇ ಗುರುತು. ಬೇಂಗ ಒಳ್ಳೆ ಮರನೇ, ಆದ್ರೆ ಉಪ್ಪುಗಾಳಿ ಹೊಡೆಯೋ ಜಾಗದ್ದಲ್ಲ, ಅದನ್ನ ಘಟ್ಟದ ಕಡೆ ಯಾರಾದ್ರೂ ನೆಂಟರಿದ್ರೆ ಅವರಿಗೆ ಕೊಡಿ. ನಿಮಗೆ ಬೇಕಾಗಿರೋದು ಸುರಹೊನ್ನೆ, ಕೊಂಕಣಿಯವರು ಉಂಡಿ ಅಂತಾರೆ, ಸಸ್ಯಶಾಸ್ತ್ರದಲ್ಲಿ ಕ್ಯಾಲೊಫಿಲಮ್ ಇನೊಫಿಲಮ್. ಅದರ ಎಲೆ ಎದುರುಬದುರು ಜೋಡಿಯಾಗಿ ಬರುತ್ತೆ, ಅಂಗೈಯಷ್ಟು ಉದ್ದ, ದಪ್ಪ, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತೆ. ಬಿಸಿಲಿಗೆ ಹಿಡಿದು ನೋಡಿದ್ರೆ ನಡು ನರದಿಂದ ಅಂಚಿಗೆ ಸಣ್ಣ ಸಣ್ಣ ಗೆರೆ ಒತ್ತೊತ್ತಾಗಿ, ಒಂದಕ್ಕೊಂದು ಸಮಾನಾಂತರವಾಗಿ ಹೋಗಿರುತ್ತೆ, ತೊಟ್ಟು ಮುರಿದ್ರೆ ಹಾಲು ಬರುತ್ತೆ. ಇದನ್ನ ಒಂದು ಸಲ ಕೈಯಲ್ಲಿ ಹಿಡಿದು ನೋಡಿದ್ರೆ ಆಮೇಲೆ ಯಾವ ನರ್ಸರಿಯವರೂ ನಿಮಗೆ ಬೇರೆ ಗಿಡ ಕೊಡೋಕಾಗಲ್ಲ.

ಈಗ ಬೀಜ. ನಿಮ್ಮ ಬೀಜ ಸತ್ತಿಲ್ಲ, ನೀವು ಬೇಗ ಆಸೆ ಬಿಟ್ಟಿದೀರಿ ಅಷ್ಟೆ. ಹೊನ್ನೆಕಾಯಿ ಸಮುದ್ರದಲ್ಲಿ ತೇಲ್ಕೊಂಡು ಹೋಗಿ ಬೇರೆ ದಂಡೆಯಲ್ಲಿ ಹುಟ್ಟೋಕೆ ಅಂತಲೇ ತಯಾರಾದ ಕಾಯಿ. ಆಫ್ರಿಕಾದ ಪೂರ್ವ ಕರಾವಳಿಯಿಂದ ನಮ್ಮ ದಂಡೆ ದಾಟಿ ಪೆಸಿಫಿಕ್ ದ್ವೀಪಗಳ ತನಕ ಈ ಮರ ಹಬ್ಬಿರೋದು ಮುಖ್ಯವಾಗಿ ಈ ತೇಲೋ ಕಾಯಿಯಿಂದ. ಅದಕ್ಕೆ ಒಳಗಿನ ಓಡು ಗಟ್ಟಿ, ಓಡಿನ ಒಳಗೆ ಬೆಂಡಿನ ಥರದ ಇನ್ನೊಂದು ಪದರ, ಅದರೊಳಗೆ ತಿರುಳು. ಓಡಿನ ಸಮೇತ ಹಾಕಿದ್ರೆ ನೀರು ಒಳಗೆ ಇಳಿದು ಮೊಳಕೆ ಬರೋಕೆ ಎರಡು ತಿಂಗಳ ಹತ್ರ ಬೇಕು, ಕೆಲವು ಇನ್ನೂ ತಡ. ಓಡನ್ನ ಸ್ವಲ್ಪ ಬಿರುಕು ಬಿಡಿಸಿ ಹಾಕಿದ್ರೆ ಐದಾರು ವಾರ, ಪೂರ್ತಿ ಸುಲಿದು ತಿರುಳು ಮಾತ್ರ ಹಾಕಿದ್ರೆ ಮೂರು ವಾರ ಆಸುಪಾಸು, ಹುಟ್ಟೋ ಪ್ರಮಾಣನೂ ಜಾಸ್ತಿ. ಹಾಗಾಗಿ ಆ ಕುಂಡ ಇನ್ನೂ ಚೆಲ್ಲಿಲ್ಲ ಅಂದ್ರೆ ನೀರು ಹಾಕ್ತಾ ಇರಿ, ಬರಬಹುದು.

ಹೊಸದಾಗಿ ಮಾಡೋದಾದ್ರೆ ನಾನು ಹೇಳೋದು ಬಿರುಕು ಬಿಡಿಸೋ ದಾರಿ, ಪೂರ್ತಿ ಸುಲಿಯೋದು ಬೇಡ. ಸುಲಿದ ತಿರುಳಿಗೆ ಇಲಿ, ಇರುವೆ, ಬೂಸ್ಟು ಎಲ್ಲ ಬೇಗ ತಗಲುತ್ತೆ, ಸುಲಿಯೋವಾಗ ತಿರುಳಿಗೆ ಪೆಟ್ಟೂ ಆಗುತ್ತೆ. ಕಾಯಿ ಹಳದಿ-ಕಂದು ತಿರುಗಿ ಸಿಪ್ಪೆ ಸುಕ್ಕಾದಾಗ ಮರದ ಬುಡದಿಂದ ಆರಿಸಿ, ಹೊರಗಿನ ತೆಳು ಸಿಪ್ಪೆ ಉಜ್ಜಿ ತೆಗೀರಿ, ಒಂದೆರಡು ದಿನ ನೀರಲ್ಲಿ ನೆನೆಸಿ, ಆಮೇಲೆ ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದು ಏಟು, ಓಡು ಚಟ್ ಅಂದ್ರೆ ಸಾಕು, ಅಲ್ಲಿಗೇ ನಿಲ್ಲಿಸಿ. ಅಡಿಕೆ ಒಡೆದು ರೂಢಿ ಇರೋರ ಕೈಗೆ ಕೊಟ್ರೆ ಇದು ಬೇಗ ಹಿಡಿಯುತ್ತೆ. ಇನ್ನೊಂದು ವಿಷಯ, ಬೇರೆ ಬೀಜಕ್ಕೆ ನೀರಲ್ಲಿ ತೇಲಿದ್ದು ಜೊಳ್ಳು ಅಂತ ಬಿಸಾಕ್ತೀವಲ್ಲ, ಇಲ್ಲಿ ಆ ಲೆಕ್ಕ ನಡೆಯಲ್ಲ, ಒಳ್ಳೆ ಕಾಯಿನೂ ತೇಲುತ್ತೆ. ಬದಲಿಗೆ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡಿ. ಒಳಗೆ ಗಲಗಲ ಅಂದ್ರೆ ತಿರುಳು ಒಣಗಿ ಓಡು ಬಿಟ್ಟಿದೆ ಅಂತ ಅರ್ಥ, ಅದು ಎಣ್ಣೆಗೆ ಸರಿ, ಬಿತ್ತನೆಗೆ ಬೇಡ. ಬೀಜ ಡಬ್ಬಿಯಲ್ಲಿ ಹಾಕಿ ವರ್ಷಗಟ್ಟಲೆ ಇಡೋ ಜಾತಿಯಲ್ಲ, ಆರಿಸಿದ ಕೆಲವೇ ವಾರದಲ್ಲಿ ಮಣ್ಣಿಗೆ ಹೋಗ್ಬೇಕು.

ಬೀಜ ಎಲ್ಲಿಂದ ಅನ್ನೋದೂ ಮುಖ್ಯ. ಅಂಕೋಲಾದಿಂದ ಭಟ್ಕಳದ ತನಕ ಹಳೇ ದೇವಸ್ಥಾನದ ಬಯಲು, ಮೀನುಗಾರರ ಕೇರಿ, ಹೊಳೆ ಅಳಿವೆಯ ಬದಿ, ಇಂಥಲ್ಲಿ ಇನ್ನೂ ಮರ ಉಳ್ಕೊಂಡಿದೆ. ನಿಮ್ಮೂರಿಗೆ ಹತ್ತಿರದ ಮರದಿಂದಲೇ ತನ್ನಿ, ಒಂದೇ ಮರದ್ದಲ್ಲ, ಆದಷ್ಟು ಬೇರೆ ಬೇರೆ ಮರದ್ದು. ಆನ್‌ಲೈನ್‌ನಲ್ಲಿ ಎಲ್ಲಿಂದಲೋ ತರಿಸೋ ಬೀಜಕ್ಕಿಂತ ಇದೇ ಗಾಳಿ ಇದೇ ಉಪ್ಪಿನಲ್ಲಿ ತಲೆಮಾರುಗಟ್ಟಲೆ ನಿಂತ ಮರದ ಮಕ್ಕಳು ಮೇಲು. ಈ ಮರ ಬಹಳ ಕಡೆ ವರ್ಷಕ್ಕೆ ಎರಡು ಸಲ ಹೂ ಬಿಡುತ್ತೆ, ಆದ್ರೆ ಊರಿಂದ ಊರಿಗೆ ಹೊತ್ತು ಬದಲಾಗುತ್ತೆ. ನೀವು ಊರಲ್ಲಿ ಇರಲ್ಲ ಅಂದ್ರೆ ಅಲ್ಲಿ ದಿನಾ ಓಡಾಡೋರ ಹತ್ರ ಹೇಳಿಡಿ. ಹುಡುಕೋಕೆ ಒಂದು ಸುಲಭದ ದಾರಿ ಬಾವಲಿ. ಅದು ಹಣ್ಣನ್ನ ಕಚ್ಚಿ ಒಯ್ದು ಬೇರೆ ಮರದಲ್ಲಿ ತಲೆಕೆಳಗಾಗಿ ಕೂತು ಹೊರಗಿನ ತೊಗಟೆಯ ತೆಳ್ಳನೆ ತಿರುಳು ಮಾತ್ರ ಕೆರೆದು ತಿಂದು ಓಡು ಕೆಳಗೆ ಬಿಡುತ್ತೆ. ಬೆಳಿಗ್ಗೆ ಹೋಗಿ ನೋಡಿದ್ರೆ ಮಾವಿನ ಮರದ ಬುಡದಲ್ಲೋ ಗೋಳಿ ಮರದ ಬುಡದಲ್ಲೋ ಹೊನ್ನೆಕಾಯಿ ಬಿದ್ದಿರುತ್ತೆ, ಹಲ್ಲಿನ ಗೆರೆ ಮೇಲೆ ಕಾಣುತ್ತೆ, ಸಿಪ್ಪೆ ಅರ್ಧ ಹೋಗಿರುತ್ತೆ. ನಿಮ್ಮ ಕೆಲಸ ಅದೇ ಅರ್ಧ ಮಾಡಿಕೊಟ್ಟಿದೆ ಅಂತ ಆರಿಸ್ಕೊಳ್ಳಿ, ಕೈಗೆ ಚೀಲನೋ ಗ್ಲೌಸೋ ಹಾಕ್ಕೊಂಡು ಆರಿಸಿ, ಮನೆಗೆ ಬಂದು ಸೋಪಲ್ಲಿ ಕೈ ತೊಳೀರಿ.

ಪಾಲಿಥೀನ್ ಚೀಲ ಸಣ್ಣದು ತಗೋಬೇಡಿ. ಇದು ಮೊದಲು ಕೆಳಗೆ ಬೇರು ಇಳಿಸೋ ಗಿಡ, ಮೇಲೆ ನಾಲ್ಕು ಎಲೆ ಇರೋವಾಗಲೇ ಬೇರು ಚೀಲದ ತಳ ಮುಟ್ಟಿರುತ್ತೆ, ಅಲ್ಲಿ ಸುತ್ತಿಕೊಂಡ್ರೆ ಮುಂದೆ ದೊಡ್ಡ ಮರ ಆದಾಗ ಗಾಳಿಗೆ ಬುಡಸಮೇತ ಬೀಳುತ್ತೆ. ಕನಿಷ್ಠ ಒಂದಡಿ ಆಳದ ಚೀಲ, ಅರ್ಧಕ್ಕರ್ಧ ನಿಮ್ಮದೇ ಹೊಯ್ಗೆ (ಮರಳು), ಉಳಿದಿದ್ದು ಕೆಂಪು ಮಣ್ಣು ಮತ್ತೆ ಹಳೇ ಗೊಬ್ಬರ. ಬೀಜವನ್ನ ಅದರ ದಪ್ಪದಷ್ಟೇ ಆಳಕ್ಕೆ ಇಡಿ, ಜಾಸ್ತಿ ಹೂಳಬೇಡಿ. ಮೊಳಕೆ ಬಂದ ಮೇಲೂ ಬೀಜ ಮಣ್ಣಲ್ಲೇ ಕೂತು ಸಸಿಗೆ ಊಟ ಕೊಡ್ತಾ ಇರುತ್ತೆ, ಅದನ್ನ ಕಿತ್ತು ನೋಡೋ ಚಾಳಿ ಮಕ್ಕಳಿಗಿರುತ್ತೆ, ತಡೀರಿ. ಮೊದಲ ಕೆಲವು ತಿಂಗಳು ಅರೆನೆರಳು, ಆಮೇಲೆ ನಿಧಾನಕ್ಕೆ ಪೂರ್ತಿ ಬಿಸಿಲಿಗೆ ತಂದು, ಕೊನೆಯ ಒಂದೆರಡು ತಿಂಗಳು ಚೀಲಗಳನ್ನ ಸಮುದ್ರದ ಗಾಳಿ ತಾಗೋ ಜಾಗದಲ್ಲೇ ಇಡಿ. ನೆರಳಲ್ಲಿ ಕೊಬ್ಬಿ ಬೆಳೆದ ಚಂದದ ಸಸಿ ತಂದು ದಿಬ್ಬದ ಮೇಲೆ ನೆಟ್ರೆ ಒಂದೇ ವಾರಕ್ಕೆ ಎಲೆ ಸುಟ್ಟು ಹೋಗುತ್ತೆ. ಒಂದು ವರ್ಷದ ಸಸಿ, ಒಂದೂವರೆ ಅಡಿ ಎತ್ತರ, ಕಾಂಡ ಗಟ್ಟಿ ಇದ್ರೆ ಸಾಕು. ನಿಧಾನಕ್ಕೆ ಬೆಳೆಯೋ ಮರ ಇದು, ಮೊದಲ ಎರಡು ಮೂರು ವರ್ಷ ಅಲ್ಲೇ ಇದೆಯಲ್ಲ ಅಂತ ಅನ್ಸುತ್ತೆ, ಬೇಜಾರು ಮಾಡ್ಕೋಬೇಡಿ.

ಎಲ್ಲಿ ನೆಡೋದು ಅನ್ನೋದೇ ಇದರಲ್ಲಿ ಎಲ್ಲಕ್ಕಿಂತ ಮುಖ್ಯ, ಬಹಳ ಜನ ಕೆಡಿಸ್ಕೊಳ್ಳೋದೂ ಇಲ್ಲೇ. ಕಡಲು ಕಾಯೋ ಮರ ಅಂತ ಕೇಳಿ ನೇರ ಅಲೆಯ ಹತ್ರ ಒಯ್ದು ನೆಡ್ತಾರೆ. ಕಡಲ ದಂಡೆಯಲ್ಲಿ ಮರ ಮೊದಲು ಬರೋದಲ್ಲ, ಕೊನೆಗೆ ಬರೋದು. ನೀರಿನ ಕಡೆಯಿಂದ ತೋಟದ ಕಡೆಗೆ ನಡ್ಕೊಂಡು ಬನ್ನಿ. ಮೊದಲು ಬರೀ ಮರಳು, ಅಲ್ಲಿ ಏನೂ ಇರಬಾರದು. ಆಮೇಲೆ ಬಂಗಡೆ ಬಳ್ಳಿ, ಆ ನೇರಳೆ ಹೂವಿನದು, ಜೊತೆಗೆ ರಾವಣನ ಮೀಸೆ ಹುಲ್ಲು. ಗಾಳಿಗೆ ಹಾರಿ ಬರೋ ಹೊಯ್ಗೆಯನ್ನ ಹಿಡಿದು ನಿಲ್ಲಿಸಿ ದಿಬ್ಬ ಕಟ್ಟೋದು ಇವೇ ಎರಡು, ಹೂತು ಹೋದ್ರೂ ಮೇಲೆ ಎದ್ದು ಬರ್ತವೆ. ಅದರ ಹಿಂದೆ ದಿಬ್ಬದ ಬೆನ್ನಿನ ಮೇಲೆ ಮುಂಡುಗ, ಕೇದಗೆ, ಲಕ್ಕಿ ಥರದ ಪೊದೆ. ಇವೆಲ್ಲ ಗಾಳಿ ಮುರಿದು ಉಪ್ಪು ಸೋಸಿದ ಮೇಲೆ, ದಿಬ್ಬದ ಹಿಂಬದಿಯ ಇಳಿಜಾರಲ್ಲಿ ಸುರಹೊನ್ನೆ, ಹೊಂಗೆ, ಹೂವರಸಿ. ಹೊನ್ನೆ ಉಪ್ಪುಗಾಳಿ ತಡ್ಕೊಳ್ಳುತ್ತೆ ನಿಜ, ದೊಡ್ಡ ಮರ ದಂಡೆಯ ಮೇಲೆ ಅಡ್ಡಡ್ಡ ವಾಲಿ ನಿಂತಿರೋದನ್ನ ನೀವೂ ನೋಡಿರ್ತೀರಿ, ಆದ್ರೆ ಅದು ನಿಂತ ಮೇಲಿನ ಮಾತು. ಸಸಿಗೆ ಮುಂದೆ ಒಂದು ಮರೆ ಬೇಕು.

ಹಾಗಾಗಿ ಮೀಟರ್ ಲೆಕ್ಕದಲ್ಲಿ ಇಷ್ಟು ದೂರ ಅಂತ ನಾನು ಹೇಳಲ್ಲ, ಹೇಳಿದ್ರೆ ನಿಮ್ಮ ಜಾಗಕ್ಕೆ ತಪ್ಪಾಗುತ್ತೆ. ಆಷಾಢದ ದೊಡ್ಡ ಅಲೆ ಎಲ್ಲಿ ತನಕ ಬಂದು ಕಸ, ತೆಂಗಿನ ಸಿಪ್ಪೆ ಬಿಟ್ಟು ಹೋಗುತ್ತೆ ನೋಡಿ, ಆ ಗೆರೆ ಗುರುತು ಮಾಡ್ಕೊಳ್ಳಿ, ಅದರ ಹಿಂದೆ ಬಳ್ಳಿ ಮತ್ತೆ ಪೊದೆಗೆ ಜಾಗ ಬಿಟ್ಟು ಅದಕ್ಕೂ ಹಿಂದೆ ಹೊನ್ನೆ. ದಿಬ್ಬವನ್ನ ಜೆಸಿಬಿ ತಂದು ಸಮ ಮಾಡೋದು ಕನಸಲ್ಲೂ ಬೇಡ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ, 2011ರದ್ದಾಗಲಿ 2019ರದ್ದಾಗಲಿ, ಮರಳು ದಿಬ್ಬ ಮತ್ತೆ ಆಮೆ ಮೊಟ್ಟೆ ಇಡೋ ಜಾಗ ಎರಡೂ ಅತಿ ಸೂಕ್ಷ್ಮ ವರ್ಗದಲ್ಲಿವೆ. ಕಾನೂನು ಒಂದು ಕಡೆ ಇರಲಿ, ಆ ದಿಬ್ಬ ಹೋದ್ರೆ ನಿಮ್ಮ ಬಾವಿಯ ಸಿಹಿನೀರಿಗೂ ತೊಂದರೆ, ದಿಬ್ಬದ ಹೊಯ್ಗೆಯಲ್ಲಿ ಇಳಿದು ನಿಂತ ಮಳೆನೀರೇ ಉಪ್ಪುನೀರನ್ನ ಆಚೆ ಒತ್ತಿ ಹಿಡಿದಿರೋದು.

ಆಮೆ ವಿಷಯ ಯಾಕೆ ಎತ್ತಿದೆ ಅಂದ್ರೆ ನಿಮ್ಮ ಕಡೆ ದಂಡೆಗೆ ಆಲಿವ್ ರಿಡ್ಲೆ ಬರ್ತವೆ, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಗೂಡು ಮಾಡೋದು ಎಲ್ಲರಿಗೂ ಗೊತ್ತಿರೋದೆ. ಅದಕ್ಕೆ ಬೇಕಾಗಿರೋದು ಬಿಸಿಲು ಬೀಳೋ ಬರಿ ಮರಳು. ಮೊಟ್ಟೆಯೊಳಗೆ ಗಂಡೋ ಹೆಣ್ಣೋ ಅಂತ ನಿರ್ಧಾರ ಆಗೋದೇ ಮರಳಿನ ಬಿಸಿಯಿಂದ. ಅಲೆಯ ಹತ್ರ ಮರ ಎಬ್ಬಿಸಿದ್ರೆ ನೆರಳು ಬೀಳುತ್ತೆ, ಬೇರು ಗೂಡಿನೊಳಗೆ ಹೋಗುತ್ತೆ. ಹೊನ್ನೆ ಸ್ಥಳೀಯ ಮರನೇ ಇರಬಹುದು, ತಪ್ಪು ಜಾಗದಲ್ಲಿ ನೆಟ್ರೆ ಅದೂ ಹಾನಿನೇ. ಮುಂದಿನ ಮರಳನ್ನ ಖಾಲಿ ಬಿಡೋದೂ ದಂಡೆಯನ್ನ ಮೊದಲಿನ ಹಾಗೆ ಮಾಡೋ ಕೆಲಸದ ಭಾಗ ಅಂತ ತಿಳ್ಕೊಳ್ಳಿ, ದಯವಿಟ್ಟು.

ಇನ್ನು ಗಾಳಿಮರ. ಅದು ನಮ್ಮದಲ್ಲ, ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾ ಕಡೆಯದು. ನಮ್ಮ ದೇಶಕ್ಕೆ ಅದನ್ನ ಮೊದಲು ತಂದು ಬೆಳೆಸಿದ್ದೇ ಕಾರವಾರದ ಕಡೆ, 1868ರಲ್ಲಿ, ಸೌದೆಗೋಸ್ಕರ. ಅಲ್ಲಿಂದ ಇಡೀ ಕರಾವಳಿಗೆ ಹೋಯ್ತು, 2004ರ ಸುನಾಮಿ ಆದ ಮೇಲಂತೂ ಪೂರ್ವ ಕರಾವಳಿಯಲ್ಲಿ ತೋಪುಗಟ್ಟಲೆ ಬೆಳೆಸಿದ್ರು. ಬೇಗ ಬೆಳೆಯುತ್ತೆ, ಬರಿ ಮರಳಲ್ಲೂ ನಿಲ್ಲುತ್ತೆ, ಬೇರಿನ ಗಂಟಲ್ಲಿ ಸಾರಜನಕ ಹಿಡಿಯುತ್ತೆ, ಬಡವರಿಗೆ ಸೌದೆ ಕೊಟ್ಟಿದೆ, ಅದೆಲ್ಲ ಒಪ್ತೀನಿ. ಆದ್ರೆ ಅದರ ಬುಡದಲ್ಲಿ ಕೂತು ಕೈಯಿಂದ ಕೆದಕಿ ನೋಡಿ, ನಾಲ್ಕು ಬೆರಳು ದಪ್ಪಕ್ಕೆ ಕಂದು ಕಡ್ಡಿಗಳ ಹಾಸು, ಅದರಡಿ ಬಂಗಡೆ ಬಳ್ಳಿಯ ಒಂದು ಎಲೆ ಇರಲ್ಲ. ದಿಬ್ಬ ಕಟ್ಟೋ ಬಳ್ಳಿ ಹೋದ ಮೇಲೆ ಮರಳು ಹಿಡಿಯೋರು ಯಾರು? ಹಾಗಂತ ನಾಳೆನೇ ಗರಗಸ ತಗೊಂಡು ಹೋಗ್ಬೇಡಿ. ಒಂದೇ ಸಲ ಎಲ್ಲ ಕಡಿದ್ರೆ ನಿಮ್ಮ ತೆಂಗಿನ ತೋಟಕ್ಕೆ ಮೊದಲನೇ ಮಳೆಗಾಲದ ಗಾಳಿ ಪೂರ್ತಿ ನುಗ್ಗುತ್ತೆ, ಎಳೇ ಹೊನ್ನೆಗೂ ಮರೆ ಇರಲ್ಲ.

ನನ್ನ ಸಲಹೆ, ಆ ಗಾಳಿಮರವನ್ನೇ ಹೊನ್ನೆಗೆ ಚಪ್ಪರ ಮಾಡ್ಕೊಳ್ಳಿ. ಮೊದಲು ತೋಪಿನ ಹಿಂದಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮರ ತೆಗೆದು ಬೆಳಕಿನ ಕಿಂಡಿ ಮಾಡಿ, ಕಿಂಡಿಯಲ್ಲಿ ಕಡ್ಡಿ ಹಾಸು ಸರಿಸಿ ಹೊನ್ನೆ, ಹೊಂಗೆ ಗುಂಪಾಗಿ ನೆಡಿ. ಅವು ಆಳೆತ್ತರ ದಾಟಿದ ಮೇಲೆ ಪಕ್ಕದ ಗಾಳಿಮರ ತೆಗೀರಿ, ಹೀಗೆ ಹಿಂದಿನಿಂದ ಮುಂದಕ್ಕೆ ಹೋಗಿ. ಸಮುದ್ರದ ಕಡೆಯ ಸಾಲನ್ನ ಕೊನೆಗೆ ಮುಟ್ಟಿ, ಅದೂ ಅಲ್ಲಿ ಬಳ್ಳಿ ಹಬ್ಬೋಕೆ ಶುರು ಆದ ಮೇಲೆ. ಗಾಳಿಮರ ಕಡಿದ ಬುಡದಿಂದ ಸಾಮಾನ್ಯವಾಗಿ ಚಿಗುರಲ್ಲ, ಆದ್ದರಿಂದ ಬುಡ ಕೀಳೋ ಕೆಲಸ ಇಲ್ಲ, ಬೇರು ಅಲ್ಲೇ ಕೊಳೀಲಿ, ಮರಳು ಕದಡಬಾರದು. ಇದಕ್ಕೆ ಹತ್ತು ವರ್ಷ ಹಿಡಿಯಬಹುದು. ಕಡಿಯೋ ಮುಂಚೆ ಎರಡು ವಿಷಯ ಖಚಿತ ಮಾಡ್ಕೊಳ್ಳಿ. ಒಂದು, ಆ ಪಟ್ಟಿ ನಿಮ್ಮ ಪಹಣಿಯಲ್ಲಿ ಇದೆಯಾ ಅಥವಾ ಅರಣ್ಯ ಇಲಾಖೆದಾ, ಬಹಳ ಕಡೆ ದಂಡೆಯ ಗಾಳಿಮರ ಇಲಾಖೆಯ ನೆಡುತೋಪು. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳದೆ ಒಂದು ಕೊಂಬೆನೂ ಮುಟ್ಟಬೇಡಿ. ಇನ್ನೊಂದು, ಮೇಲೆ ನೋಡಿ, ಬಿಳಿ ಹೊಟ್ಟೆಯ ಕಡಲ ಹದ್ದು ಎತ್ತರದ ಗಾಳಿಮರದ ಮೇಲೂ ಕಟ್ಟಿಗೆಯ ದೊಡ್ಡ ಗೂಡು ಕಟ್ಟುತ್ತೆ, ವರ್ಷ ವರ್ಷ ಅದೇ ಗೂಡಿಗೆ ಬರುತ್ತೆ. ಅಂಥ ಮರ ಇದ್ರೆ ಅದನ್ನ ಅದರ ಪಾಡಿಗೆ ಬಿಡಿ.

ನೆಡೋ ಕಾಲ ಅಂದ್ರೆ ತೋಪಿನ ಹಿಂದೆ, ಮರೆ ಇರೋ ಜಾಗದಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ನೆಡಬಹುದು. ಸಮುದ್ರಕ್ಕೆ ತೆರೆದುಕೊಂಡ ಕಡೆ ನಾನು ಆಗ ಬೇಡ ಅಂತೀನಿ, ಜೂನ್ ಜುಲೈನಲ್ಲಿ ಉಪ್ಪಿನ ಹನಿ ಹೊತ್ತ ಗಾಳಿ ಎಳೇ ಚಿಗುರಿಗೆ ನೇರ ಹೊಡೆಯುತ್ತೆ, ಮಘೆ, ಹುಬ್ಬೆ ಮಳೆ ಹೊತ್ತಿಗೆ ಕಡಲು ಸ್ವಲ್ಪ ತಣ್ಣಗಾಗಿರುತ್ತೆ, ನೆಲದಲ್ಲಿ ಇನ್ನೂ ತೇವ ಇರುತ್ತೆ. ಆದ್ರೆ ಹಾಗೆ ನೆಟ್ಟಿದ್ದಕ್ಕೆ ಬೇಸಿಗೆಯಲ್ಲಿ ನೀರು ಕೊಡಲೇಬೇಕು, ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲನಾದ್ರೂ. ಗುಂಡಿ ಆಳ ತೆಗೆದು ತಳಕ್ಕೆ ತೆಂಗಿನ ಸಿಪ್ಪೆ ಮೇಲ್ಮುಖ ಇಟ್ಟು ಅದರ ಮೇಲೆ ಮಣ್ಣು ಹಾಕಿದ್ರೆ ನೀರು ಹಿಡಿದಿಡುತ್ತೆ, ಮೇಲೂ ಸಿಪ್ಪೆ ಮುಚ್ಚಿ. ಪಶ್ಚಿಮಕ್ಕೆ ಎರಡು ತೆಂಗಿನ ಮಡಲು ಓರೆಯಾಗಿ ನೆಟ್ಟು ಮರೆ ಮಾಡಿ, ಅದು ಕೊಳೆತು ಲಡ್ಡಾಗೋ ಹೊತ್ತಿಗೆ ಗಿಡ ಗಟ್ಟಿ ಆಗಿರುತ್ತೆ. ಗಿಡದಿಂದ ಗಿಡಕ್ಕೆ ಮೂರು ನಾಲ್ಕು ಮೀಟರ್ ಬಿಟ್ಟು ಗುಂಪು ಮಾಡಿ, ಮುಂದೆ ಕೆಲವು ಸಾಯ್ತವೆ, ಕೆಲವು ನೀವೇ ತೆಗೀತೀರಿ, ಕೊನೆಗೆ ಒಂದೊಂದಕ್ಕೂ ಎಂಟು ಹತ್ತು ಮೀಟರ್ ಕೊಡೆ ಬೇಕಾಗುತ್ತೆ. ದನ, ಬೈಕು, ಬೀಚಿಗೆ ಬರೋ ಕಾರು, ಇವುಗಳಿಂದ ಸಾಯೋ ಸಸಿ ಉಪ್ಪಿನಿಂದ ಸಾಯೋದಕ್ಕಿಂತ ಜಾಸ್ತಿ, ಹಾಗಾಗಿ ಬೇಲಿಗೆ ದುಡ್ಡು ಇಟ್ಕೊಳ್ಳಿ.

ಅಘನಾಶಿನಿ ಹಿನ್ನೀರಿನ ಕಡೆ ಜಾಗ ಇರೋರೂ ಆಗಾಗ ಇದನ್ನೇ ಕೇಳ್ತಾರೆ, ಅವರಿಗೂ ಸೇರಿಸಿ ಒಂದು ಮಾತು. ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಮೇಲೆ ಗಿಡ ನೆಡೋ ಉತ್ಸಾಹ ಜಾಸ್ತಿ ಆಗಿದೆ, ಒಳ್ಳೇದೇ. ಆದ್ರೆ ಸುರಹೊನ್ನೆ ಕಾಂಡ್ಲಾ (ಮ್ಯಾಂಗ್ರೋವ್) ಅಲ್ಲ. ದಿನಕ್ಕೆರಡು ಸಲ ಉಬ್ಬರದ ನೀರು ಹತ್ತಿ ಇಳಿಯೋ ಕೆಸರಲ್ಲಿ ಅದು ಬದುಕಲ್ಲ. ಕಾಂಡ್ಲಾ ಮುಗಿದು ನೆಲ ಏರೋ ಕಡೆ, ಕಟ್ಟದ ಬದಿಯ ಮೇಲೆ ಚೆನ್ನಾಗಿ ಬರುತ್ತೆ.

ಕೊರೆತ ನಿಲ್ಲುತ್ತಾ ಅಂತ ಕೇಳಿದ್ರಿ. ನೇರವಾಗಿ ಹೇಳ್ತೀನಿ, ಗಾಳಿಯಿಂದ ಹೋಗೋ ಮರಳು ನಿಲ್ಲುತ್ತೆ, ಬಿರುಗಾಳಿಯಲ್ಲಿ ತೋಟಕ್ಕೆ ಪೆಟ್ಟು ಕಮ್ಮಿ ಆಗುತ್ತೆ, ಬಳ್ಳಿ-ಪೊದೆ-ಮರ ಮೂರೂ ಇರೋ ದಂಡೆ ಒಂದು ಕೆಟ್ಟ ಮಳೆಗಾಲದಲ್ಲಿ ಕಳ್ಕೊಂಡ ಮರಳನ್ನ ಬೇಸಿಗೆಯಲ್ಲಿ ವಾಪಸ್ ಕಟ್ಕೊಳ್ಳುತ್ತೆ. ಆದ್ರೆ ಪಕ್ಕದಲ್ಲಿ ಬಂದರಿನ ಬ್ರೇಕ್‌ವಾಟರ್ (ಅಲೆ ತಡೆಯೋ ಕಲ್ಲಿನ ಗೋಡೆ) ಬಂದು ಮರಳಿನ ಓಡಾಟವೇ ನಿಂತಿದ್ರೆ, ಅಥವಾ ಹೊಳೆಯಲ್ಲಿ ಮರಳು ತೆಗೆದು ಸಮುದ್ರಕ್ಕೆ ಬರೋದೇ ಕಮ್ಮಿ ಆಗಿದ್ರೆ ಯಾವ ಮರನೂ ಅದನ್ನ ತಡೆಯಲ್ಲ, ಅಡಿಯ ಮರಳು ಹೋದ ಮೇಲೆ ಹೊನ್ನೆನೂ ಮಗುಚಿ ಬೀಳುತ್ತೆ. ನಿಮ್ಮ ದಂಡೆ ಪ್ರತಿ ವರ್ಷ ಹಿಂದಕ್ಕೆ ಬರ್ತಾ ಇದೆಯಾ ಅಂತ ಊರಿನ ಮೀನುಗಾರರನ್ನ ಕೇಳಿ, ಅವರಿಗೆ ಸರಿಯಾಗಿ ಗೊತ್ತಿರುತ್ತೆ. ಹಿಂದಕ್ಕೆ ಬರ್ತಾ ಇದ್ರೆ ಮರದ ಸಾಲನ್ನೂ ಅಷ್ಟು ಹಿಂದೆ ತಗೊಂಡು ಹಾಕಿ.

ಎಣ್ಣೆ ಖಂಡಿತ ತೆಗೀಬಹುದು, ಮರ ಕಾಯಿ ಬಿಡೋಕೆ ಏಳೆಂಟು ವರ್ಷ ಕಾಯ್ಬೇಕು ಅಷ್ಟೆ. ಸೀಮೆಎಣ್ಣೆ ಬರೋ ಮುಂಚೆ ಕರಾವಳಿಯ ಮನೆಯಲ್ಲಿ, ದೇವಸ್ಥಾನದಲ್ಲಿ ಉರೀತಾ ಇದ್ದಿದ್ದು ಹೊನ್ನೆ ಎಣ್ಣೆ ದೀಪ, ನಿಮ್ಮ ಅಮ್ಮನಿಗೆ ಆ ಹೊಗೆಯ ವಾಸನೆ ನೆನಪಿರಬಹುದು. ಹಸಿ ತಿರುಳಲ್ಲಿ ಎಣ್ಣೆ ಸರಿಯಾಗಿ ಸಿಗಲ್ಲ, ಓಡು ಒಡೆದು ಬಿಳಿ ತಿರುಳನ್ನ ಬಿಸಿಲಿಗೆ ವಾರಗಟ್ಟಲೆ ಹರಡಿಟ್ರೆ ಅದು ಕಂದಾಗಿ ಅಂಟಂಟಾಗುತ್ತೆ, ಆಗ ಗಾಣಕ್ಕೆ ಹಾಕ್ಬೇಕು, ಒಣ ತಿರುಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಇರುತ್ತೆ. ಕಡು ಹಸಿರು ಬಣ್ಣ, ದಪ್ಪ, ವಾಸನೆ ಜೋರು. ದೀಪಕ್ಕೆ, ಸೋಪಿಗೆ, ದೋಣಿಯ ಹಲಗೆಗೆ, ನೋವಿಗೆ ಹಚ್ಚೋಕೆ ಆಗುತ್ತೆ. ಈಗ ತಮನು ಎಣ್ಣೆ ಅಂತ ಸಣ್ಣ ಬಾಟ್ಲಿಯಲ್ಲಿ ದುಬಾರಿಗೆ ಮಾರೋದು ಇದನ್ನೇ. ತಿನ್ನೋಕೆ ಮಾತ್ರ ಬರಲ್ಲ, ಹಿಂಡಿನೂ ದನಕ್ಕೆ ಹಾಕ್ಬೇಡಿ, ತೆಂಗಿನ ಬುಡಕ್ಕೆ ಹಾಕಿ. ಕೊಂಬೆ ಕಡಿಯೋವಾಗ ಹಾಲು ಕಣ್ಣಿಗೆ ಹಾರದ ಹಾಗೆ ನೋಡ್ಕೊಳ್ಳಿ, ತುಂಬಾ ಉರಿಯುತ್ತೆ. ಮತ್ತೆ ಬುಡದಲ್ಲಿ ಬಿದ್ದಿದ್ದೆಲ್ಲ ಗುಡಿಸಿ ಗಾಣಕ್ಕೆ ಒಯ್ಯಬೇಡಿ, ಬಾವಲಿಗೂ ದಿಬ್ಬಕ್ಕೂ ಅರ್ಧ ಬಿಡಿ. ಹೂ ಬಿಟ್ಟಾಗ ತುಡುವೆ ಜೇನು ಮರದ ತುಂಬ ಇರುತ್ತೆ, ಪಕ್ಕದ ತೆಂಗಿಗೂ ಅದರಿಂದ ಲಾಭನೇ.

ತೆಂಗಿಗೆ ನೆರಳಾಗುತ್ತಾ ಅನ್ನೋ ಅನುಮಾನ ನಿಮಗೆ ಬರಬಹುದು. ಕೊನೆಯ ತೆಂಗಿನ ಸಾಲಿಂದ ಹತ್ತು ಮೀಟರ್ ಬಿಟ್ಟು ಹೊನ್ನೆ ಇಡಿ. ಸಮುದ್ರ ಪಶ್ಚಿಮಕ್ಕೆ ಇರೋದ್ರಿಂದ ಸಂಜೆ ನೆರಳು ಮಾತ್ರ ತೋಟಕ್ಕೆ ಬೀಳುತ್ತೆ, ಅಷ್ಟಕ್ಕೆ ಇಳುವರಿಗೆ ಏನೂ ಆಗಲ್ಲ. ಬಂಗಡೆ ಬಳ್ಳಿಯನ್ನ ಮಾತ್ರ ಮುಂದಿನ ಮಳೆಗಾಲಕ್ಕೇ ಶುರು ಮಾಡಿ, ಬಳ್ಳಿ ಇರೋ ಕಡೆಯಿಂದ ಮೊಳ ಉದ್ದದ ತುಂಡು ತಂದು ಗಂಟು ಮಣ್ಣೊಳಗೆ ಹೋಗೋ ಹಾಗೆ ಅಡ್ಡ ಹೂಳಿದ್ರೆ ಸಾಕು, ಹೊನ್ನೆ ಸಸಿ ಚೀಲದಲ್ಲಿ ತಯಾರಾಗೋ ಹೊತ್ತಿಗೆ ದಿಬ್ಬದ ಮುಂದೆ ಹಸಿರು ಹಿಡಿದಿರುತ್ತೆ.